ಚುಕ್ಕಿಯ ಲೆಕ್ಕ

ಮುಂಬಯಿ ಕಡೆ ಹಿತ್ತಲು ಎಂಬ ಪದಾರ್ಥವೇ ಇಲ್ಲವಲ್ಲ, ಅಲ್ಲಿ ಕೋಳಿ ಸಾಕುವುದೆಂತು ಎಂದು ನೀವು ಕೇಳಬಹುದು. ನಮ್ಮದು ಅಂಬರನಾಥ, ಅದರಲ್ಲೂ ಬೈಠಿ ಚಾಳು. ಬಚ್ಚಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಎರಡು ಮಂಚ ಹಾಕುವಷ್ಟು ಜಾಗ. ಒಂದು ತುಳಸಿ, ಒಂದು ನುಗ್ಗೆಗಿಡ, ಬಟ್ಟೆ ಒಗೆಯುವ ಕಲ್ಲು. ಇಷ್ಟಕ್ಕೆ ನಾವು ಹಿತ್ತಲು ಎಂದು ಹೆಸರಿಟ್ಟಿದ್ದೇವೆ. ಊರು ಬಿಟ್ಟವರು ಹೆಸರಿಡುವುದರಲ್ಲಾದರೂ ಧಾರಾಳವಾಗಿರಬೇಡವೇ?

2020ರ ಮಾರ್ಚ್ ಮೊದಲ ವಾರ ನಮ್ಮ ಅಜ್ಜಿ ಕುಂದಾಪುರದಿಂದ ಮತ್ಸ್ಯಗಂಧ ಹತ್ತಿ ಬಂದರು. ಎರಡೇ ವಾರದ ಮಾತು. ವಾಪಸು ಟಿಕೇಟು ಕೈಯಲ್ಲಿದ್ದಂತೆಯೇ ದೇಶದ ರೈಲುಗಳೆಲ್ಲ ನಿಂತವು. ಅಜ್ಜಿಗೆ ಮರಾಠಿ ಬಾರದು, ಹಿಂದಿ ಬಾರದು, ಟೀವಿ ಬೇಡ. ದಿನವಿಡೀ ಒಗೆಯುವ ಕಲ್ಲಿನ ಮೇಲೆ ಕೂತು ಗೋಡೆ ನೋಡುವುದು. "ಇಲ್ಲ್ ಬೆಳಗಾದ್ದೇ ಗೊತ್ತಾತಿಲ್ಲೆ ಮಗಾ" ಅನ್ನುವರು. ಅಪ್ಪ ಜೂನ್ ತಿಂಗಳಲ್ಲಿ, ಹಳ್ಳಿಯಿಂದ ತರಕಾರಿ ತರುವ ಬಾಯಿಯ ಹತ್ತಿರ 400 ರೂಪಾಯಿ ಕೊಟ್ಟು ಒಂದು ಗಾವಠಿ ಹೇಂಟೆ ತಂದರು. ಕಂದು ಮೈ, ಕುತ್ತಿಗೆಯಲ್ಲಿ ಬಿಳಿ ಚುಕ್ಕೆ. ಚುಕ್ಕಿ ಎಂದು ಹೆಸರಿಟ್ಟವಳು ನನ್ನ ತಂಗಿ. ಅಜ್ಜಿ ನಕ್ಕರು: "ಕೋಳಿಗೂ ಹೆಸ್ರಾ?"

ಹುಂಜವಿಲ್ಲದೆ ಮೊಟ್ಟೆ ಹೇಗೆ ಎಂದು ಚಾಳಿನ ಅರ್ಧ ಜನ ಕೇಳಿದರು. ಮರಿ ಬೇಕಾದರೆ ಹುಂಜ ಬೇಕು, ಮೊಟ್ಟೆಗೆ ಬೇಡ. ಬೆಳಗಿನ ಕೂಗಾಟವೂ ಇಲ್ಲ ಎಂದು ಪಕ್ಕದ ಮಾವಶಿ ಸಮಾಧಾನಪಟ್ಟರು. ಅವರು "ಯೇ ಯೇ" ಎಂದು ಕರೆದರೆ ಮೊದಮೊದಲು ಓಡಿ ಬರುತ್ತಿದ್ದ ಚುಕ್ಕಿ, ತಿಂಗಳು ಕಳೆಯುವುದರೊಳಗೆ ಅಜ್ಜಿಯ "ಬಾ ಬಾ ಬಾ"ಗೆ ಮಾತ್ರ ತಲೆ ಎತ್ತತೊಡಗಿದಳು. ಮುಂಬಯಿ ಕನ್ನಡಿಗರ ಮಕ್ಕಳಿಗೆ ಸಾಧ್ಯವಾಗದ್ದು ಮರಾಠಿ ಕೋಳಿಗೆ ಸಾಧ್ಯವಾಯಿತು!

ಅಪ್ಪ ಬ್ಯಾಂಕಿನವರು, ಲೆಕ್ಕ ಬಿಡಲಾರರು. ಫಾರ್ಮಿನ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 280 ಮೊಟ್ಟೆ ಇಟ್ಟೀತು. ನಾಟಿ ಹೇಂಟೆ 60-70 ಇಟ್ಟರೆ ಹೆಚ್ಚು. ಕೋಳಿಯ ಬೆಲೆ, ನುಚ್ಚು, ಜೋಳ ಎಲ್ಲ ಸೇರಿಸಿ ಮೊದಲ ವರ್ಷ ಒಂದೊಂದು ಮೊಟ್ಟೆ 13 ರೂಪಾಯಿಗೆ ಬೀಳುತ್ತದೆ ಎಂದು ಕ್ಯಾಲೆಂಡರಿನ ಹಿಂದೆ ಬರೆದರು. ಅಂಗಡಿಯಲ್ಲಿ ಆಗ ಅದರ ಅರ್ಧಕ್ಕೆ ಸಿಗುತ್ತಿತ್ತು. ಆದರೆ ಆ ಲೆಕ್ಕದಲ್ಲಿ ಅಜ್ಜಿ ಇರಲಿಲ್ಲ. ಒಂದು ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಚಿಪ್ಪು ಕಟ್ಟುವುದಕ್ಕೇ 20 ಗಂಟೆ. ಹಾಗಾಗಿ ಇವತ್ತು ಎಂಟಕ್ಕೆ ಇಟ್ಟರೆ ನಾಳೆ ಒಂಬತ್ತರ ಮೇಲೆ, ನಾಡಿದ್ದು ಇನ್ನೂ ತಡ, ಆಮೇಲೆ ಒಂದು ದಿನ ರಜೆ. ಬೆಳಗಾದದ್ದೇ ಗೊತ್ತಾಗದ ಅಜ್ಜಿಗೆ ಈಗ ಚುಕ್ಕಿಯ ಟೈಂಟೇಬಲ್ ಬಾಯಿಪಾಠ. ಬುಟ್ಟಿಯಿಂದ ಬೆಚ್ಚಗಿನ ಮೊಟ್ಟೆ ತೆಗೆದು ಮೊದಲು ತಂಗಿಯ ಕೆನ್ನೆಗೆ ತಾಗಿಸಿ ಆಮೇಲೆ ಒಳಗೆ ಕಳಿಸುವರು.

ಹನ್ನೆರಡು ಮೊಟ್ಟೆಯಾದ ಮೇಲೆ ಚುಕ್ಕಿ ಕಾವು ಕೂತಳು. ಅಡಿಯಲ್ಲಿ ಒಂದು ಮೊಟ್ಟೆಯೂ ಇಲ್ಲ, ಬರೀ ಗೋಣಿ ಚೂರು. ಮುಟ್ಟಹೋದರೆ ಮೈ ಉಬ್ಬಿಸಿ ಕುಕ್ಕುವಳು. ಊರಲ್ಲಾದರೆ ತಣ್ಣೀರಿನಲ್ಲಿ ಮುಳುಗಿಸಿ ಕಾವು ಬಿಡಿಸುತ್ತಿದ್ದ ಅಜ್ಜಿ, "ಕೂತ್ಕಣ್ಲಿ, ಪಾಪ. ನಾನೂ ಹಾಂಗೇ ಕೂತಿದ್ದೆ" ಎಂದು ಸುಮ್ಮನಾದರು. ಮರಿಯಾಗಲು 21 ದಿನ. ಚುಕ್ಕಿ ಅದಕ್ಕೂ ಹೆಚ್ಚು ದಿನ ಕೂತು, ಏನೂ ಆಗಲಿಲ್ಲವೆಂದು ತಾನೇ ಎದ್ದಳು.

2021ರ ಜನವರಿಯಲ್ಲಿ ಸಂಕಟ ಬಂತು. ಪರಭಣಿ ಜಿಲ್ಲೆಯ ಮುರುಂಬಾದಲ್ಲಿ ಹಕ್ಕಿಜ್ವರ ಖಚಿತವಾಯಿತು. ಮುಂಬಯಿ, ಠಾಣೆ ಕಡೆ ಸತ್ತ ಹಕ್ಕಿಗಳಲ್ಲೂ ಸಿಕ್ಕಿತು. ಒಂದು ಸಂಜೆ ನಮ್ಮ ಸಾಲಿನ ಆರು ಮನೆಯವರು ಬಂದು ಹಿತ್ತಿಲಲ್ಲಿ ನಿಂತರು. ಜಗಳಕ್ಕಲ್ಲ, ಕೊನೇ ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು, ಅವರ ಭಯ ಸುಳ್ಳಲ್ಲ. ಚುಕ್ಕಿಯೋ, ಗರಿ ಉದುರಿಸಿಕೊಂಡು ಹಳೇ ಪೊರಕೆಯ ಹಾಗೆ ಕಾಣುತ್ತಿದ್ದಳು. ನವೆಂಬರಿನಿಂದ ಮೊಟ್ಟೆಯೂ ಇಲ್ಲ. ಕೋಳಿ ಸರಿಯಾಗಿ ಮೊಟ್ಟೆ ಇಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ನಮ್ಮ ಚಳಿಗಾಲದ ಹಗಲು 11 ಗಂಟೆ. "ಮೊಟ್ಟೆಯೂ ಇಲ್ಲ, ತಂಟೆ ಬೇರೆ. ಚೆನ್ನಾಗಿ ಬೇಯಿಸಿದರೆ ಏನೂ ಆಗೋದಿಲ್ಲ ಅಂತ ಸರ್ಕಾರವೇ ಹೇಳಿದೆ. ಭಾನುವಾರ ಸುಕ್ಕ ಮಾಡಿಬಿಡಿ" ಎಂದರು ದೊಡ್ಡಪ್ಪ, ಫೋನಿನಲ್ಲಿ. ಅಪ್ಪನ ಲೆಕ್ಕವೂ ಅದನ್ನೇ ಹೇಳುತ್ತಿತ್ತು.

ಅಜ್ಜಿ ಕೋಳಿ ಕೊಯ್ಯದವರಲ್ಲ. ಹಬ್ಬಕ್ಕೆ, ನೆಂಟರಿಗೆ ಎಷ್ಟು ಕೊಯ್ದಿದ್ದರೋ. ನಾನು ಅದನ್ನೇ ಕೇಳಿದೆ. ಅವರು ನುಚ್ಚು ಕೇರುತ್ತಾ ಹೇಳಿದರು: "ಊರಲ್ ಹಿಂಡ್ ಇತ್ತ್. ಇಲ್ಲ್ ಇಪ್ಪುದ್ ಒಂದೇ. ಒಂದನ್ನ ಹ್ಯಾಂಗೆ ಕೊಯ್ಯೂದ್ ಮಗಾ?"

ಮೃಗದಯೆಯ ಭಾಷಣಗಳನ್ನು ನಾನು ಕಾಲೇಜಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಯಾವುದೂ ಇಷ್ಟು ಒಳಗೆ ಇಳಿದಿಲ್ಲ. ಹಿಂಡಿನಲ್ಲಿದ್ದರೆ ಅದು ಕೋಳಿ. ಒಂದೇ ಆದರೆ ಅದು ಚುಕ್ಕಿ. ಮನುಷ್ಯರ ವಿಷಯದಲ್ಲೂ ಈ ಮಾತು ಅಷ್ಟೇ ನಿಜವೇನೋ. ಲಕ್ಷಗಟ್ಟಲೆ ಜನ ಊರು ತಲುಪಲಾರದೆ ಸಿಕ್ಕಿಬಿದ್ದರು ಎಂಬುದು ಪೇಪರಿನ ಸುದ್ದಿ. ಒಗೆಯುವ ಕಲ್ಲಿನ ಮೇಲೆ ಕೂತವರು ನಮ್ಮ ಅಜ್ಜಿ.

ಮಾರನೇ ದಿನ ನೆರೆಯವರೊಡನೆ ಒಪ್ಪಂದವಾಯಿತು. ಅಜ್ಜಿಯ ಮಾತಿಗೆ ನಾನು ದುಭಾಷಿ. ಚುಕ್ಕಿಗೆ ಮೇಲೂ ಸುತ್ತಲೂ ಬಲೆ. ಕಾಳು ನೀರು ಒಳಗೇ. ಬೇರೆ ಹಕ್ಕಿ ಸುಳಿಯಕೂಡದು. ಮುಟ್ಟಿದವರು ಸಾಬೂನು ಹಾಕಿ ಕೈ ತೊಳೆಯಬೇಕು. ಕೋಳಿ ಮಂಕಾದರೆ ಆ ಕ್ಷಣವೇ ನಗರಪಾಲಿಕೆಗೆ ತಿಳಿಸಬೇಕು. ಕಾಗೆಗೆ ದಿನಾ ಅನ್ನ ಇಡುವ ಪದ್ಧತಿಯನ್ನೂ ಅಜ್ಜಿ ನಿಲ್ಲಿಸಿದರು. ಅದು ಅವರಿಗೆ ಸುಲಭವಾಗಿರಲಿಲ್ಲ. ಆ ಅನ್ನ ಅಜ್ಜನ ಹೆಸರಿನದು.

ಫೆಬ್ರವರಿ ಕೊನೆಗೆ ಹೊಸ ಗರಿ ಬಂತು, ಹಗಲು ಬೆಳೆಯಿತು, ಚುಕ್ಕಿ ಮತ್ತೆ ಮೊಟ್ಟೆಗೆ ಕೂತಳು. ಮೊದಲನೆಯದನ್ನು ಅಜ್ಜಿ ಕೂಸಿದ್ದ ಮನೆಗೆ ಕಳಿಸಿದರು. ಅವರು ತಗೊಂಡರು.

ಆ ವರ್ಷದ ಕೊನೆಗೆ ಅಜ್ಜಿ ಊರಿಗೆ ಹೋದರು. ಬರಬರುತ್ತ ಚುಕ್ಕಿಯ ಮೊಟ್ಟೆ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಈಗ ನಮಗೆ ಮೊಟ್ಟೆ ಅಂಗಡಿಯಿಂದ ಬರುತ್ತದೆ. ಅದರ ಚಿಪ್ಪನ್ನು ಅಮ್ಮ ಕಾವಲಿಯ ಮೇಲೆ ಹುರಿದು, ಪುಡಿ ಮಾಡಿ, "ಬಾ ಬಾ ಬಾ" ಎಂದು ಚುಕ್ಕಿಗೆ ಹಾಕುತ್ತಾಳೆ. ಕ್ಯಾಲೆಂಡರಿನ ಹಿಂದೆ ಅಪ್ಪ ಈಗ ಏನೂ ಬರೆಯುವುದಿಲ್ಲ.