ರೋಡ್ ನಂಬರ್ 16ರ ಚರಿತ್ರೆ

ವಾಗ್ಳೆ ಎಸ್ಟೇಟಿನ ಎಷ್ಟೋ ರಸ್ತೆಗಳಿಗೆ ಇಂದಿಗೂ ನಂಬರೇ ಹೆಸರು. ರೋಡ್ ನಂಬರ್ 16 ಎಂದರೆ ಸಾಕು, ಥಾಣೆ ಸ್ಟೇಷನ್ನಿನ ರಿಕ್ಷಾದವ ಮರುಮಾತಿಲ್ಲದೆ ಮೀಟರ್ ಹಾಕುತ್ತಾನೆ. 1962ರಲ್ಲಿ ಹುಟ್ಟಿದ ಎಂಐಡಿಸಿ ಎಂಬ ಸರಕಾರಿ ನಿಗಮ ಮಹಾರಾಷ್ಟ್ರದಲ್ಲಿ ಕಟ್ಟಿದ ಮೊದಲ ಕೈಗಾರಿಕಾ ವಸಾಹತು ಈ ಎಸ್ಟೇಟು. ನಂಬರಿನ ಊರಿಗೆಂಥ ಚರಿತ್ರೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಪುಟ್ಟ ಊರಿನ ಚರಿತ್ರೆಯನ್ನೂ ಬರೆದಿಟ್ಟ ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ಓದುವಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರೂರಿನ ನೇಗಿಲು, ಗಿರಣಿಗಳ ಲೆಕ್ಕವಿದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್, ಪ್ರತಿ ಚರ್ಚೂ ತನ್ನ ಊರಿನವರ ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಬರೆದಿಡಬೇಕೆಂದು ಅಪ್ಪಣೆ ಮಾಡಿದ. ಹಾಗಾಗಿ ಅಲ್ಲಿ ಕುರಿ ಕಾಯುವವನಿಗೂ ಕಾಗದದ ಮೇಲೊಂದು ಸಾಲು ದಕ್ಕಿತು. ಸೆಲ್‌ಬೋರ್ನ್ ಎಂಬ ಹಳ್ಳಿಯ ಗಿಲ್ಬರ್ಟ್ ವೈಟ್ 1789ರಲ್ಲಿ ತನ್ನೂರಿನ ಹಕ್ಕಿ, ಮರ, ಎರೆಹುಳುಗಳ ಮೇಲೇ ಪುಸ್ತಕ ಮಾಡಿದ. ಊರು ದೊಡ್ಡದೆಂದಲ್ಲ, ಅವನಿಗೆ ಅದರ ಮೇಲೆ ಅಕ್ಕರೆಯಿತ್ತು.

ಹಳತಿಗೆ ನಮ್ಮಲ್ಲೂ ಬರವಿಲ್ಲ. ಎಸ್ಟೇಟಿನ ಬೆನ್ನಿಗೆ ಯೇವೂರಿನ ಗುಡ್ಡಗಳಿವೆ. ಆ ಕಾಡು ದಾಟಿದರೆ ಕಾನ್ಹೇರಿ. ಅಲ್ಲಿಯ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ಅವುಗಳಲ್ಲಿ ಅಮೋಘವರ್ಷನ ಹೆಸರಿದೆ. ಹೌದು, ಮಾನ್ಯಖೇಟದ ನಮ್ಮ ನೃಪತುಂಗನೇ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಒಡೆಯ. ಅವನ ಸಾಮಂತರಾಗಿ ಕೊಂಕಣವನ್ನಾಳಿದವರು ಶಿಲಾಹಾರರು. ಮುಂದೆ ಥಾಣೆಯೇ ಅವರ ರಾಜಧಾನಿಯಾಯಿತು. ಇಂದಿನ ಕಲಬುರಗಿ ಸೀಮೆಯ ಅರಸನ ಮಾತು ಈ ಕಡಲಂಚಿನವರೆಗೆ ನಡೆಯುತ್ತಿತ್ತೆಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅರಸರಿಗೇನೋ ಕಲ್ಲು ಸಿಕ್ಕಿತು. ನಮ್ಮವರಿಗೆ? ಕಾರ್ಖಾನೆಯ ಭೋಂಗಾ ಕೂಗುವ ಮೊದಲೇ ಕ್ಯಾಂಟೀನಿನಲ್ಲಿ ಚಹಾ ಕುದಿಸಿದ ಕುಂದಾಪುರ, ಉಡುಪಿ ಕಡೆಯ ಮಾಣಿಗಳು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಲೇತ್ ಮಿಷನ್ನಿನ ಮುಂದೆ ಮೂರು ಪಾಳಿ ನಿಂತವರು. ಕಿಸನ್‌ನಗರದ ಖೋಲಿಗಳಲ್ಲಿ ಪಗಾರ ಎಣಿಸಿ ಊರಿಗೆ ಮನಿಯಾರ್ಡರ್ ಬರೆದವರು. ಇವರೇ ಈ ಊರನ್ನು ಊರು ಮಾಡಿದವರು. ಇವತ್ತು ಎಷ್ಟೋ ಶೆಡ್ಡುಗಳ ಜಾಗದಲ್ಲಿ ಗಾಜಿನ ಐಟಿ ಕಟ್ಟಡಗಳೆದ್ದಿವೆ. ಇಲ್ಲಿನ ಪಾಸ್‌ಪೋರ್ಟ್ ಕಚೇರಿಗೆ ಬಂದು ಸಾಲು ನಿಂತ ಹುಡುಗರಿಗೆ ಇಲ್ಲಿ ಭೋಂಗಾ ಕೂಗುತ್ತಿತ್ತೆಂದರೆ ನಂಬಿಕೆ ಬರುವುದಿಲ್ಲ. ರೈಲಾದೇವಿ ತಲಾವ್ ಎಂಬ ಕೆರೆ ಮಾತ್ರ ಉಳಿದಿದೆ.

ನಮ್ಮ ಪಾಲಿನ ಚರ್ಚ್ ಪುಸ್ತಕವೆಂದರೆ ಕಾರ್ಖಾನೆಯ ಹಾಜರಿಪಟ್ಟಿ, ಕಾಮ್ಗಾರ್ ಹಾಸ್ಪಿಟಲಿನ ಇಎಸ್‌ಐ ಕಾರ್ಡು, ಚಾಳಿನ ಬಾಡಿಗೆ ರಸೀದಿ, ಜಮೀನಿನ ಹಳೆಯ ಸಾತ್‌ಬಾರಾ ಉತಾರ. ಕಾರ್ಖಾನೆ ಮುಚ್ಚಿದಾಗ ಇವು ರದ್ದಿಗೆ ಹೋಗುತ್ತವೆ, ಮನೆ ಬದಲಿಸುವಾಗ ಕಸಕ್ಕೆ. ಮೊದಲ ತಲೆಮಾರಿನವರಿಗೆ ಈಗ ಎಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲಿ ವಾಗ್ಳೆ ಎಸ್ಟೇಟಿನಲ್ಲಿ ದುಡಿದ ಅಜ್ಜನೋ ದೊಡ್ಡಪ್ಪನೋ ಇದ್ದರೆ ಈ ಭಾನುವಾರವೇ ಅವರ ಪಕ್ಕ ಕುಳಿತುಕೊಳ್ಳಿ. ಹುಟ್ಟೂರು, ಬಂದ ವರ್ಷ, ಕಂಪೆನಿ, ರೋಡ್ ನಂಬರ್, ಜೊತೆಗಿದ್ದವರ ಹೆಸರು, ಎಲ್ಲವನ್ನೂ ಕೇಳಿ ಬರೆದಿಡಿ.