ಡಾಂಬರಿಗಿಂತ ಮೊದಲು ಚರಂಡಿ

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಚಿತ್ರದುರ್ಗದ ಕಡೆ ಹತ್ತಿರಹತ್ತಿರ ಹತ್ತು ವರ್ಷಕ್ಕೆ ಬೀಳುವಷ್ಟು ನೀರನ್ನು ನಮ್ಮ ರಸ್ತೆಗಳು ಒಂದೇ ವರ್ಷದಲ್ಲಿ ತಡೆದುಕೊಳ್ಳಬೇಕು.

ಆದರೆ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೊಸ ಅನುದಾನ ಬಂದು, ಟೆಂಡರ್ ಕರೆದು, ಕಾರ್ಯಾದೇಶ ಕೈಗೆ ಸಿಗುವಷ್ಟರಲ್ಲಿ ಜೂನ್ ಬಂದಿರುತ್ತದೆ. ಆಮೇಲೆ ಮಳೆ ಬಿಡುವವರೆಗೆ ಗುಂಡಿಗೆ ಜಲ್ಲಿ ಸುರಿಯುವುದೊಂದೇ ಕೆಲಸ.

ಡಾಂಬರಿಗೆ ನಿಜವಾದ ಶತ್ರು ಲಾರಿಗಿಂತ ನಿಂತ ನೀರು. ಮೋರಿಯ ಬಾಯಿಗೆ ದರಗು, ಮಣ್ಣು ಕಟ್ಟಿದರೆ ನೀರು ರಸ್ತೆಯ ಮೇಲೇ ಹರಿಯುತ್ತದೆ, ಅಂಚು ಕೊರೆಯುತ್ತದೆ, ಘಾಟಿಯಲ್ಲಿ ಧರೆ ಜರಿಯುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಸಿಗಾಲುವೆಯ ಹೂಳೆತ್ತದೆ ಯಾರೂ ಮಳೆಗಾಲಕ್ಕೆ ಕಾಯುವುದಿಲ್ಲ. ಹಿಂದೆ ರಸ್ತೆಗೂ ಅಂಥವರಿದ್ದರು: ಗುದ್ದಲಿ, ಬುಟ್ಟಿ ಹಿಡಿದ ಗ್ಯಾಂಗ್‌ಮನ್‌ಗಳು. ಯಾವ ತಿರುವಿನಲ್ಲಿ ನೀರು ನುಗ್ಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆ ಕೆಲಸಗಾರರು ಕಡಿಮೆಯಾದದ್ದೇ ದೊಡ್ಡ ನಷ್ಟ ಎಂದು ನನ್ನ ನಂಬಿಕೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಲಾಂಚಿಗೆ ಕಾದು ಕಾದು ದಣಿದ ಸಾಗರದ ಹಿನ್ನೀರಿನ ಜನಕ್ಕೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿತು. ಸಂತೋಷವೇ. ಆದರೆ ಅದರಾಚೆಯ ಊರೊಳಗಿನ ರಸ್ತೆ, ಹಳ್ಳದ ಕಾಲುಸಂಕಗಳಿಗೂ ಯಾರಾದರೂ ದಿಕ್ಕಾಗಬೇಕಲ್ಲ?

ಚರಂಡಿ, ಮೋರಿಗೆಂದೇ ಬೇರೆ ಹಣ ತೆಗೆದಿಡಲಿ. ಆ ಗುತ್ತಿಗೆ ಜನವರಿಯಲ್ಲೇ ಮುಗಿಯಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸ್ನೇಹಿತರೇ, ಮುಂದಿನ ಸಲ ರಸ್ತೆಗೆ ಅರ್ಜಿ ಬರೆಯುವಾಗ ಮೊದಲ ಸಾಲಿನಲ್ಲಿ ನಿಮ್ಮೂರ ಮೋರಿಯನ್ನು ಬರೆಯಿರಿ.