ರಾಯರಿದ್ದಾರೆ, ಪೆಟ್ರೋಲೂ ಇರಲಿ

ಅಪೊಲೊ ಬೀಚ್, ಟ್ಯಾಂಪಾ
15 ಅಕ್ಟೋಬರ್ 2024

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ, ಮನೆಯೂ ನಿಂತಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಕೊನೆಯ ಪುಟ ಮೊದಲು ಓದುತ್ತೀಯ. ಮೊನ್ನೆ ಭಾವ ಫೋನ್ ಮಾಡಿ, "ಟ್ಯಾಂಪಾ ಮುಳುಗಿತಂತಲ್ಲ, ಟಿವಿಯವರು ಅಂದರು" ಎಂದು ಕೇಳುವಷ್ಟರಲ್ಲಿ ಲೈನ್ ಹೋಯಿತು. ಟ್ಯಾಂಪಾ ಮುಳುಗಲಿಲ್ಲ. ನಡೆದದ್ದು ಇನ್ನೂ ವಿಚಿತ್ರ. ಅದನ್ನು ಹೇಳಲಿಕ್ಕೇ ಈ ಉದ್ದದ ಕಾಗದ.

ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಚಂಡಮಾರುತ ಬಂದುಹೋಗಿತ್ತಲ್ಲ, ಅದು ದಡ ಮುಟ್ಟಿದ್ದು ಇಲ್ಲಿಂದ ಬಹಳ ಉತ್ತರಕ್ಕೆ. ಆದರೂ ಹೋಗುವ ದಾರಿಯಲ್ಲೇ ಈ ಟ್ಯಾಂಪಾ ಕೊಲ್ಲಿಯ ನೀರನ್ನು ಎತ್ತಿ ಜನರ ನಡುಮನೆಗೆ ತಂದು ಹಾಕಿತು. ಮಗಳು ಸುಮಾಳ ಮನೆಯಲ್ಲಿ ನೀರು ಗ್ಯಾರೇಜಿಗೆ ಬಂದು ನಿಂತಿತು, ಒಳಗೆ ಬರಲಿಲ್ಲ. ಬೀದಿಯಲ್ಲಿ ಮಾತ್ರ ನೆಂದ ಸೋಫಾ, ಹಾಸಿಗೆ, ಕಿತ್ತ ಗೋಡೆ ಹಲಗೆಗಳ ರಾಶಿ. ಅದನ್ನು ಪೂರ್ತಿ ಸಾಗಿಸುವ ಮೊದಲೇ ಅಕ್ಟೋಬರ್ 5ರಂದು ಮಿಲ್ಟನ್ ಹುಟ್ಟಿತು. ಈ ಕಡೆಯ ಬಿರುಗಾಳಿಗಳು ಸಾಮಾನ್ಯವಾಗಿ ಪೂರ್ವದಿಂದಲೋ ದಕ್ಷಿಣದಿಂದಲೋ ಬರುತ್ತವೆ. ಇದು ಮೆಕ್ಸಿಕೊ ಕೊಲ್ಲಿಯ ಪಶ್ಚಿಮದ ಮೂಲೆಯಲ್ಲಿ ಹುಟ್ಟಿ ಸೀದಾ ಪೂರ್ವಕ್ಕೆ, ನಮ್ಮ ಮೇಲೆ ಹೊರಟಿತ್ತು. 7ನೇ ತಾರೀಕು ಸೋಮವಾರ ಅದರ ಗಾಳಿಯ ವೇಗ ಗಂಟೆಗೆ ಸುಮಾರು 290 ಕಿ.ಮೀ. ಮುಟ್ಟಿತು. ಅಂದೇ ಜಿಲ್ಲೆಯವರು 'ಎ' ಮತ್ತು 'ಬಿ' ವಲಯದವರೆಲ್ಲ ಮನೆ ಬಿಡಬೇಕು ಎಂದು ಆದೇಶ ಹೊರಡಿಸಿದರು. ನಮ್ಮದು 'ಎ'. ಉಳಿದರೆ ಸಾಯುತ್ತೀರಿ ಎಂದು ಟ್ಯಾಂಪಾದ ಮೇಯರಮ್ಮ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ಬಾಯಿಬಿಟ್ಟೇ ಹೇಳಿದರು.

ಅಕ್ಕ, ಇಲ್ಲಿ ಒಂದು ಲೆಕ್ಕಾಚಾರ ಇದೆ: ನೀರು ಬರುತ್ತದೆ ಅಂದರೆ ಓಡಬೇಕು, ಬರೀ ಗಾಳಿಯಾದರೆ ಗಟ್ಟಿ ಗೋಡೆಯೊಳಗೆ ಅಡಗಬೇಕು. ಅಳಿಯ ಶ್ರೀಧರ ಅದನ್ನು ನಮಗೆ ಪಾಠ ಮಾಡಿದ. ಪಾಠ ಎಲ್ಲರಿಗೂ ಅರ್ಥವಾಯಿತು, ಅವನ ಅಮ್ಮ ಇಂದಿರಾಬಾಯಿಯವರೊಬ್ಬರನ್ನು ಬಿಟ್ಟು. ಅವರಿಗೆ ಅರ್ಥವಾಗಲಿಲ್ಲ ಎಂದಲ್ಲ. ನವರಾತ್ರಿ ನಡೆಯುತ್ತಿತ್ತು. ಘಟಸ್ಥಾಪನೆಯಾಗಿ, ದೇವರ ಮುಂದೆ ನಂದಾದೀಪ ಉರಿಯುತ್ತಿತ್ತು. ಒಂಬತ್ತು ದಿನ ಆರಬಾರದ ದೀಪ. ರಾತ್ರಿ ಎರಡು ಗಂಟೆಗೆ ಎದ್ದು ತುಪ್ಪ ಹಾಕಿ ಮಲಗುವ ಹೆಂಗಸು ಅವರು. "ದೀಪ ಬಿಟ್ಟು ಹೇಗಪ್ಪಾ ಬರಲಿ? ರಾಯರಿದ್ದಾರೆ, ನೀವು ಹೊರಡಿ" ಎಂದರು. ಅಳಲಿಲ್ಲ, ಕೂಗಲಿಲ್ಲ, ಅಷ್ಟು ಹೇಳಿ ಬತ್ತಿ ಹೊಸೆಯಲು ಕೂತರು.

ಮಗ ವಾದ ಮಾಡಲಿಲ್ಲ. "ಹಾಗಾದರೆ ನಾನೂ ಇರುತ್ತೇನೆ ಬಿಡಮ್ಮ" ಎಂದ. ಅದು ಕೆಲಸ ಮಾಡಿತು. ಆಮೇಲೆ ಅವರು ಹೇಳಿದ್ದು, ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಬರುತ್ತೇನೆ ಎಂದು! ಡಿಕ್ಕಿಯಲ್ಲಿ ಎರಡು ಕ್ಯಾನು ಪೆಟ್ರೋಲು ತುಂಬಿಟ್ಟಿತ್ತು. ಬಂಕುಗಳು ಖಾಲಿಯಾಗುತ್ತಿದ್ದವು, ದಾರಿಯಲ್ಲಿ ಸಿಗುವ ಭರವಸೆ ಇರಲಿಲ್ಲ. ಶ್ರೀಧರ ಮೊದಲ ಬಾರಿ ದನಿ ಎತ್ತಿದ. 2005ರಲ್ಲಿ ರಿಟಾ ಬರುತ್ತದೆಂದು ಹ್ಯೂಸ್ಟನ್ ಕಡೆಯಿಂದ ಲಕ್ಷಗಟ್ಟಲೆ ಜನ ಒಟ್ಟಿಗೆ ಹೊರಟು ರಸ್ತೆಯಲ್ಲೇ ಸಿಕ್ಕಿಬಿದ್ದರಂತೆ. ವೃದ್ಧರನ್ನು ಸಾಗಿಸುತ್ತಿದ್ದ ಬಸ್ಸೊಂದಕ್ಕೆ ಬೆಂಕಿ ಹತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ಮಂದಿ ಸತ್ತರಂತೆ. ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು ಹೊರಟವರು! ಇಂದಿರಾಬಾಯಿ ಸುಮ್ಮನಾದರು.

ಕೊನೆಗೆ ಬೆಂಗಳೂರಿನ ಅವರ ಪುರೋಹಿತರಿಗೆ ಫೋನ್ ಹೋಯಿತು. ಅಲ್ಲಿ ಇನ್ನೂ ಬೆಳಗಿನ ಜಾವ. ನಿದ್ದೆಗಣ್ಣಲ್ಲೇ ಎತ್ತಿದ ಆ ಪುಣ್ಯಾತ್ಮರು ಶಾಸ್ತ್ರ ತೆಗೆಯಲೇ ಇಲ್ಲ. ಇದು ಆಪದ್ಧರ್ಮ, ದೇವರಿಗೆ ಹೇಳಿ ದೀಪ ಶಾಂತ ಮಾಡಿ, ತಲುಪಿದ ಕಡೆ ಸ್ನಾನ ಮಾಡಿ ಮತ್ತೆ ಹಚ್ಚಿ, ಮೊದಲು ಮೊಮ್ಮಗುವನ್ನು ಕರೆದುಕೊಂಡು ಹೊರಡಿ ಎಂದರು. ನಾನು ಹರಕೆ ಹೊರುವವಳಲ್ಲ, ನಿನಗೆ ಗೊತ್ತು. ಆದರೆ ಜಿಲ್ಲಾಡಳಿತದ ಆದೇಶ, ಮೇಯರಮ್ಮನ ಎಚ್ಚರಿಕೆ, ಮಗನ ಪಾಠ ಯಾವುದೂ ಎಬ್ಬಿಸಲಾರದ ಅವರನ್ನು ಆ ಒಂದು ಮಾತು ಎಬ್ಬಿಸಿತು. ಎದ್ದ ಮೇಲೆ ನಮ್ಮೆಲ್ಲರಿಗಿಂತ ಚುರುಕು ಅವರೇ. ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಉಳಿದ ಗೊಂಬೆಗಳೆಲ್ಲ ಮಹಡಿಯ ಕಪಾಟಿಗೆ ಹೋದವು. ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಬೆಲ್ಲ ಕಟ್ಟಿದರು. ಹೊರಗಿನ ಅನ್ನ ಮುಟ್ಟುವವರಲ್ಲವಲ್ಲ. ಸುಮಾ ಪಾಸ್‌ಪೋರ್ಟು, ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಂದೊಂದು ಕೋಣೆಯ ಫೋಟೋ ತೆಗೆದಳು. ನಾಳೆ ವಿಮೆಯವರಿಗೆ ತೋರಿಸಬೇಕಂತೆ, ಹೀಗಿತ್ತು ನಮ್ಮ ಮನೆ ಎಂದು. ಆ ಫೋಟೋ ತೆಗೆಯುವುದನ್ನು ನೋಡಿದಾಗ ಮಾತ್ರ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು.

ಹೊರಡುವಾಗ ಎದುರು ಮನೆಯವರೂ ಕಾರು ತುಂಬುತ್ತಿದ್ದರು. ಬ್ಯಾಪ್ಟಿಸ್ಟ್ ಪಂಗಡದವರು, ಭಾನುವಾರ ಚರ್ಚ್ ತಪ್ಪಿಸದ ಮುದಿ ದಂಪತಿ. ಆತ ಬಂದು, ಎಲ್ಲರೂ ಸೇರಿ ಒಂದು ಪ್ರಾರ್ಥನೆ ಮಾಡೋಣವೇ ಎಂದ. ಇಲ್ಲಿ ಪ್ರಾರ್ಥನೆ ಅಂದರೆ ಕೈಕೈ ಹಿಡಿದು ವೃತ್ತವಾಗಿ ನಿಲ್ಲುವುದು. ಮಡಿಯುಟ್ಟೇ ಹೊರಟಿದ್ದ ಇಂದಿರಾಬಾಯಿ ಏನು ಮಾಡುತ್ತಾರೋ ಎಂದು ನಾನು ಓರೆಗಣ್ಣಲ್ಲಿ ನೋಡಿದೆ. ಅವರು ಆ ಮುದುಕಿಯ ಕೈ ಹಿಡಿದು, ಆತ ಇಂಗ್ಲಿಷಿನಲ್ಲಿ ಏಸುವಿಗೆ ಹೇಳುತ್ತಿದ್ದಷ್ಟು ಹೊತ್ತೂ ರಾಯರ ಶ್ಲೋಕ ಹೇಳಿಕೊಳ್ಳುತ್ತಿದ್ದರು. ಕಾರಿನಲ್ಲಿ ಕೂತ ಮೇಲೆ ಕೈ ತೊಳೆದುಕೊಂಡರು ಅನ್ನು. ಆದರೆ ದಾರಿಯಲ್ಲಿ ಎರಡು ಸಲ, ಆ ಮುದುಕಿಗೆ ಮಂಡಿನೋವಂತೆ, ಎಲ್ಲಿಯವರೆಗೆ ಹೋದರೋ ಎಂದು ಕೇಳಿದರು.

ಕಾರಿನ ಮುಂದಿನ ಸೀಟು ದೇವರಿಗೆ. ಸಾಲಿಗ್ರಾಮದ ಸಂಪುಟಕ್ಕೆ ಶ್ರೀಧರ ಬೆಲ್ಟು ಹಾಕಿದ. ಹೆಂಗಸರು, ಮೊಮ್ಮಗಳು ಪುಟ್ಟಿ ಹಿಂದೆ. ಉತ್ತರಕ್ಕೆ ಐ-75 ಹಿಡಿದರೆ ಓಕಾಲಾ, ಗೇನ್ಸ್‌ವಿಲ್, ಲೇಕ್ ಸಿಟಿ ದಾಟಿ ಜಾರ್ಜಿಯಾ. ಅಟ್ಲಾಂಟಾಕ್ಕೆ ಏಳು ತಾಸಿನ ದಾರಿ. ಹೊರಟದ್ದು ಸೋಮವಾರ ರಾತ್ರಿ, ತಲುಪಿದ್ದು ಮಂಗಳವಾರ ಸಂಜೆ. ಟೋಲ್ ಬಿಟ್ಟುಕೊಟ್ಟಿದ್ದರು, ರಸ್ತೆಯಂಚಿನ ಪಟ್ಟಿಯಲ್ಲೂ ಗಾಡಿ ಓಡಿಸಲು ಬಿಟ್ಟಿದ್ದರು, ಆದರೂ ಆಮೆಗತಿ. ಕಣ್ಣು ಹಾಯಿಸಿದಷ್ಟು ದೂರ ಕೆಂಪು ದೀಪ. ಎದುರಿನಿಂದ, ಅಂದರೆ ನಾವು ಬಿಟ್ಟೋಡುತ್ತಿದ್ದ ಕಡೆಗೆ, ಬೇರೆ ಬೇರೆ ರಾಜ್ಯಗಳ ವಿದ್ಯುತ್ ಕಂಪನಿಗಳ ಲಾರಿಗಳು ಸಾಲುಸಾಲಾಗಿ ಹೋಗುತ್ತಿದ್ದವು. ಬಿರುಗಾಳಿ ಬರುವ ಮೊದಲೇ ಅದರ ಹತ್ತಿರ ಹೋಗಿ ಕಾಯುವವರು ಅವರು, ಗಾಳಿ ನಿಂತ ಕೂಡಲೇ ಕಂಬ ಹತ್ತಲಿಕ್ಕೆ. ಇಂದಿರಾಬಾಯಿ ಪ್ರತಿ ಸಾಲಿಗೂ ಕೈ ಮುಗಿದರು. ಅದರಲ್ಲಿ ಮಾತ್ರ ನಾನೂ ಅವರ ಜೊತೆ ಸೇರಿದೆ.

ಸ್ಪೀಕರಿನಲ್ಲಿ ವಿಷ್ಣುಸಹಸ್ರನಾಮ, ಹೊರಗೆ ದಾರಿಯುದ್ದ ಚರ್ಚುಗಳ ಫಲಕದಲ್ಲಿ ಫ್ಲಾರಿಡಾಕ್ಕಾಗಿ ಪ್ರಾರ್ಥಿಸಿ ಎಂಬ ಅಕ್ಷರ. ಜಾರ್ಜಿಯಾದ ಗಡಿ ದಾಟಿದರೆ ವಾಲ್ಡೋಸ್ಟಾ. ಅದು ಹೆಲೀನ್ ಹೊಡೆತದಿಂದಲೇ ಇನ್ನೂ ಎದ್ದಿರಲಿಲ್ಲ. ಮುರಿದ ಪೈನ್ ಮರಗಳು, ಮಾಡಿನ ಮೇಲೆ ನೀಲಿ ಟಾರ್ಪಾಲು. ಹೋಟೆಲಿನಲ್ಲಿ ಒಂದು ಕೋಣೆಯಿಲ್ಲ. ಅಂಥ ಊರಿನಲ್ಲೇ ಒಂದು ಚರ್ಚಿನವರು ರಸ್ತೆ ಬದಿಗೆ ಮೇಜು ಹಾಕಿ ನೀರು, ಬಾಳೆಹಣ್ಣು ಹಂಚುತ್ತಿದ್ದರು. ಶೌಚಾಲಯಕ್ಕೆ ಹೋಗಬೇಕಾದವರಿಗೆ ಬಾಗಿಲು ತೆರೆದಿತ್ತು. ನಮ್ಮ ಧರ್ಮ ಯಾವುದು, ಹಣೆಯ ಮೇಲಿನ ಮುದ್ರೆ ಏನು ಎಂದು ಯಾರೂ ಕೇಳಲಿಲ್ಲ. ಇಂದಿರಾಬಾಯಿ ಬಾಳೆಹಣ್ಣು ತಿಂದರು, ಹಣ್ಣಿಗೆ ದೋಷವಿಲ್ಲ.

ಅಟ್ಲಾಂಟಾದಲ್ಲಿ ಮುಖಪರಿಚಯವೂ ಇಲ್ಲದ ಕನ್ನಡದವರೊಬ್ಬರು ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ಸಂದೇಶ ನೋಡಿ ಮನೆ ಬಿಟ್ಟುಕೊಟ್ಟಿದ್ದರು. ಗೊಂಬೆ ಕೂರಿಸಿದ್ದರು. ಸ್ನಾನವಾಗಿ, ದೀಪ ಮತ್ತೆ ಹತ್ತಿತು. ಬುಧವಾರ ಮೂಲಾ ನಕ್ಷತ್ರ. ಪುಸ್ತಕಗಳನ್ನಿಟ್ಟು ಸರಸ್ವತಿಯನ್ನು ಆವಾಹನೆ ಮಾಡಿದರು. ಪಕ್ಕದ ಕೋಣೆಯ ಟಿವಿಯಲ್ಲಿ ಮಿಲ್ಟನ್ನಿನ ಕಣ್ಣು ತಿರುಗುತ್ತಿತ್ತು. ಶ್ರೀಧರನ ತುಟಿಯಲ್ಲಿ ಒಂದೇ ಮಾತು, "ತಿರುಗಲಿ, ಸ್ವಲ್ಪ ತಿರುಗಲಿ."

ತಿರುಗಿತು, ಅಕ್ಕ. ರಾತ್ರಿ ಎಂಟೂವರೆಗೆ ನಮ್ಮ ದಕ್ಷಿಣಕ್ಕೆ, ಸರಸೋಟಾ ಪಕ್ಕದ ಸಿಯೆಸ್ಟಾ ಕೀ ಎಂಬ ದ್ವೀಪದ ಮೇಲೆ ದಡ ಮುಟ್ಟಿತು. ಆ ಹೊತ್ತಿಗೆ ಮೂರನೇ ದರ್ಜೆಗೆ ಇಳಿದಿತ್ತು. ಇಲ್ಲಿಯ ಬಿರುಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಕಣ್ಣಿನ ದಕ್ಷಿಣಕ್ಕಿದ್ದವರ ಮೇಲೆ ಅದು ಸಮುದ್ರವನ್ನು ನೂಕಿತು. ಉತ್ತರಕ್ಕಿದ್ದ ನಮ್ಮ ಕಡೆ ಗಾಳಿ ನೆಲದಿಂದ ನೀರಿನತ್ತ ಬೀಸಿ, ಟ್ಯಾಂಪಾ ಕೊಲ್ಲಿಯ ನೀರನ್ನೇ ಹೊರಕ್ಕೆ ಎಳೆದೊಯ್ದಿತು. ಮುಳುಗಬೇಕಿದ್ದ ಕೊಲ್ಲಿಯ ಅಂಚಿನಲ್ಲಿ ಕೆಸರು ಕಂಡಿತು. ಭಾವನಿಗೆ ಇದನ್ನು ಓದಿ ಹೇಳು. ಹಾಗಂತ ಊರು ಪೂರಾ ಪಾರಾಗಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು, ಬೇಸ್‌ಬಾಲ್ ಕ್ರೀಡಾಂಗಣದ ಬಟ್ಟೆಯ ಚಾವಣಿ ಹರಿದು ಚಿಂದಿಯಾಯಿತು.

ಮನೆಯವರೆಲ್ಲ ಕೈ ಮುಗಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರಾರ್ಥನೆಯಿಂದ ತಿರುಗಿತು ಎನ್ನುವುದಾದರೆ ತಿರುಗಿದ್ದು ಯಾರ ಮೇಲೆ? ಸರಸೋಟಾದವರಿಗೆ ಚರ್ಚಿರಲಿಲ್ಲವೇ? ಅಂದೇ ಮಧ್ಯಾಹ್ನ, ಚಂಡಮಾರುತ ದಡ ಮುಟ್ಟುವ ಮೊದಲೇ, ರಾಜ್ಯದ ಇನ್ನೊಂದು ಬದಿಯ ಸೇಂಟ್ ಲೂಸಿ ಜಿಲ್ಲೆಯಲ್ಲಿ ಸುಂಟರಗಾಳಿ ಎದ್ದು, ನಿವೃತ್ತರ ಒಂದು ವಸತಿಯಲ್ಲಿ ಆರು ಜನ ಸತ್ತರು. ಮಿಲ್ಟನ್ ಬರುವ ಕಡೆಯಲ್ಲಿ ಇರಲೇ ಇಲ್ಲ ಅವರು. ಟ್ಯಾಂಪಾದವರಿಗೆ ಬೇರೆಯೇ ಒಂದು ನಂಬಿಕೆ ಇದೆ: ಇಲ್ಲಿ ಹಿಂದೆ ಇದ್ದ ಟೊಕೊಬಾಗಾ ಎಂಬ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳು ಊರನ್ನು ಕಾಯುತ್ತವೆಯಂತೆ. 1921ರ ಅಕ್ಟೋಬರ್ ಬಳಿಕ ಈ ಕೊಲ್ಲಿಗೆ ದೊಡ್ಡ ಚಂಡಮಾರುತ ನೇರವಾಗಿ ಹೊಡೆದಿಲ್ಲ, ನಿಜ. ಆದರೆ ಚಂಡಮಾರುತ ಹೊಡೆದ 1921ರಲ್ಲೂ 1848ರಲ್ಲೂ ಆ ದಿಬ್ಬಗಳು ಅಲ್ಲೇ ಇದ್ದವಲ್ಲ!

ಬೆಳಿಗ್ಗೆ ಕಾಫಿ ಕುಡಿಯುತ್ತ ಇದನ್ನು ಇಂದಿರಾಬಾಯಿಗೆ ಹೇಳಿದೆ. ಕೋಪ ಮಾಡಿಕೊಳ್ಳುತ್ತಾರೆಂದು ಎಣಿಸಿದ್ದೆ. "ತಿರುಗಲಿ ಅಂತ ನಾನು ಕೇಳಲಿಲ್ಲವಲ್ಲ" ಎಂದರು. "ಮತ್ತೇನು ಕೇಳಿದಿರಿ?" "ಶ್ರೀಧರನಿಗೆ ನಿದ್ದೆ ಬರದ ಹಾಗೆ ನೋಡಿಕೋ ಅಂತ. ರಾತ್ರಿಯಿಡೀ ಗಾಡಿ ಹೊಡೆದಿದ್ದನಲ್ಲ." ನನ್ನ ಹತ್ತಿರ ಉತ್ತರವಿರಲಿಲ್ಲ. ಭಕ್ತಿ ಅಂದರೆ ಇಷ್ಟೇ ಆದರೆ ನನಗೂ ಅದರ ಮೇಲೆ ತಕರಾರಿಲ್ಲ.

ಶನಿವಾರ ವಿಜಯದಶಮಿಯ ಬೆಳಿಗ್ಗೆ ಎಲ್ಲರೂ ಫೋನಿನಲ್ಲಿ ನಮ್ಮೂರಿನ ಜಂಬೂಸವಾರಿ ನೋಡಿದೆವು. ಅಭಿಮನ್ಯು ಅಂಬಾರಿ ಹೊತ್ತು ಬಂದಾಗ ನೀನು ಎಲ್ಲಿ ಕೂತಿದ್ದೀಯೋ ಎಂದು ಹುಡುಕಿದೆ. ಭಾನುವಾರ ವಾಪಸ್ಸು. ಬೇಲಿ ಬಿದ್ದಿದೆ, ನಿಂಬೆ ಗಿಡ ಬುಡಸಮೇತ ಹೋಗಿದೆ, ಫ್ರಿಜ್ಜಿನಲ್ಲಿದ್ದದ್ದೆಲ್ಲ ಕೊಳೆತು ಎರಡು ದಿನ ಮೂಗು ಬಿಡಲಾಗಲಿಲ್ಲ. ಕರೆಂಟು ನಿನ್ನೆ ಬಂತು. ಎದುರು ಮನೆಯವರೂ ಬಂದಿದ್ದಾರೆ, ಮುದುಕಿಗೆ ಇಂದಿರಾಬಾಯಿ ನಿನ್ನೆಯೇ ನೋವಿನ ಎಣ್ಣೆ ಕೊಟ್ಟುಬಂದರು.

ಒಂದು ಕೆಲಸ ಇದೆ ನಿನಗೆ. ಮನೆ ಉಳಿದರೆ ಮಠದಲ್ಲಿ ಸೇವೆ ಮಾಡಿಸುತ್ತೇನೆಂದು ಸುಮಾ ಹರಕೆ ಹೊತ್ತಿದ್ದಾಳೆ. ಅತ್ತೆಯಿಂದ ಕಲಿತದ್ದು, ನನ್ನಿಂದಲ್ಲ. ದುಡ್ಡು ಕಳಿಸುತ್ತಾಳೆ, ಮುಂದಿನ ಗುರುವಾರ ಹೋಗಿ ಮಾಡಿಸು. ಸಂಕಲ್ಪದಲ್ಲಿ ನಮ್ಮ ಹೆಸರುಗಳ ಜೊತೆ ಎದುರು ಮನೆಯವರದೂ ಸೇರಿಸಬೇಕಂತೆ. ಅವರಿಗೆ ಗೋತ್ರ ಏನು ಹೇಳುವುದೆಂದು ಆಚಾರ್ಯರನ್ನೇ ಕೇಳು.

ನೀನು ಇಲ್ಲಿಗೆ ಬರುವ ಮಾತಾಡುತ್ತಿದ್ದೆಯಲ್ಲ. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಇಲ್ಲಿ ಚಂಡಮಾರುತದ ಕಾಲ. ಟಿಕೆಟ್ಟು ಮಾಡಿಸುವುದಾದರೆ ಮಾರ್ಚಿಗೆ ಮಾಡಿಸು.

ಇತಿ ನಿನ್ನ ತಂಗಿ,
ವನಜಾ